ಬ್ಲೂ-ರೇ ಡಿಸ್ಕಿನ ಧ್ವನಿಮಿತಿಗಳು ಮತ್ತು ಕನ್ನಡದ ಪಾಲು

ಗೋದಾವರಿಯ ಉಗಮಸ್ಥಾನವಾದ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಹುಟ್ಟಿದ ಧುಂಡಿರಾಜ ಗೋವಿಂದ ಫಾಳಕೆಯವರು 1913ರಲ್ಲಿ ಮುಂಬಯಿಯಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ಬಳಿಕ ತಮ್ಮ ಕಾರ್ಯಾಗಾರವನ್ನು ನಾಸಿಕಕ್ಕೆ ಒಯ್ದರು. 1944ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. ಇಂದು ಪಾಂಡವಲೇಣಿ ಗುಹೆಗಳ ಬುಡದಲ್ಲಿ ಅವರ ಸ್ಮಾರಕವಿದೆ. ಅವರ ಮೂಕಚಿತ್ರಗಳಿಗೆ ಭಾಷೆಯ ತೊಡಕು ಬಹುಮಟ್ಟಿಗೆ ಇರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ನಡುನಡುವೆ ಬರುವ ಬರಹದ ಚೌಕಟ್ಟುಗಳನ್ನು ಬದಲಿಸಿದರೆ ಸಾಕು, ಅದೇ ಚಿತ್ರವು ನಾಸಿಕಕ್ಕೂ ಸಲ್ಲುತ್ತಿತ್ತು, ಧಾರವಾಡಕ್ಕೂ ಸಲ್ಲುತ್ತಿತ್ತು.

1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ಮಾತನಾಡಿದೊಡನೆ ಈ ಸೌಲಭ್ಯವು ಕೊನೆಗೊಂಡಿತು. ಚಿತ್ರಕ್ಕೂ ಭಾಷೆಗೂ ಗಂಟು ಬಿದ್ದಿತು. ಮರುವರ್ಷ ಪ್ರಭಾತ ಕಂಪೆನಿಯು ಅದೇ ಹರಿಶ್ಚಂದ್ರನ ಕಥೆಯನ್ನು ಮರಾಠಿಯಲ್ಲಿ ‘ಅಯೋಧ್ಯೇಚಾ ರಾಜಾ’ ಎಂದೂ ಹಿಂದಿಯಲ್ಲಿ ‘ಅಯೋಧ್ಯಾ ಕಾ ರಾಜಾ’ ಎಂದೂ ತೆಗೆಯಬೇಕಾದಾಗ ಒಂದೇ ಕಥೆಯನ್ನು ಎರಡು ಸಲ ಚಿತ್ರೀಕರಿಸಬೇಕಾಯಿತು. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ‘ಸತೀ ಸುಲೋಚನಾ’ದ ಚಿತ್ರೀಕರಣವೂ ಧ್ವನಿಗ್ರಹಣವೂ ನಡೆದದ್ದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಫಾಳಕೆಯವರು ಕೂಡ ಮೂಕಚಿತ್ರವಾಗಿ ಸಿದ್ಧವಾಗಿದ್ದ ತಮ್ಮ ‘ಸೇತುಬಂಧನ’ಕ್ಕೆ ತರುವಾಯ ಧ್ವನಿಯನ್ನು ಸೇರಿಸಿ ಮತ್ತೊಮ್ಮೆ ಹೊರತರಬೇಕಾಯಿತು. ಚಿತ್ರದ ಸುರುಳಿಯ ಅಂಚಿನಲ್ಲಿ ಧ್ವನಿಗಾಗಿ ಇದ್ದದ್ದು ಕಿರಿದಾದ ಒಂದೇ ಪಟ್ಟಿ. ಅದರಲ್ಲಿ ಒಂದು ಭಾಷೆಗೆ ಮಾತ್ರ ಸ್ಥಳ.

ಈ ಗಂಟನ್ನು ಸಡಿಲಿಸಿದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಂದ ದೃಶ್ಯಡಿಸ್ಕುಗಳು. ಅವುಗಳಲ್ಲಿ ಚಿತ್ರವು ಒಂದು ಪ್ರವಾಹ, ಧ್ವನಿಯು ಬೇರೊಂದು ಪ್ರವಾಹ. ಒಂದೇ ಚಿತ್ರದ ಜೊತೆಗೆ ಹಲವು ಭಾಷೆಗಳ ಧ್ವನಿಪಥಗಳನ್ನು ಇಟ್ಟು, ನೋಡುವವನು ತನಗೆ ಬೇಕಾದುದನ್ನು ಆರಿಸಿಕೊಳ್ಳುವಂತೆ ಮಾಡಬಹುದು. ನಾಸಿಕದ ಸಾತಪುರ, ಅಂಬಡಗಳಲ್ಲಿಯೋ ಛತ್ರಪತಿ ಸಂಭಾಜಿನಗರದ ವಾಳೂಜದಲ್ಲಿಯೋ ದುಡಿಯುವ ಕನ್ನಡಿಗನ ಮನೆಗೆ ಇದು ಬರಿಯ ಯಂತ್ರವಿದ್ಯೆಯ ವಿಷಯವಲ್ಲ. ಆ ಮನೆಯ ಮಕ್ಕಳಿಗೆ ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ದೂರದರ್ಶನದ ಮುಂದೆ ಹಿಂದಿ. ಕನ್ನಡವು ಅವರ ಕಿವಿಗೆ ಬೀಳುವ ವೇಳೆ ತಂದೆತಾಯಿಗಳು ಮಾತನಾಡುವಷ್ಟು ಹೊತ್ತು ಮಾತ್ರ. ಮನೆಯ ಪರದೆಯಿಂದ ಯಾವ ಭಾಷೆ ಹೊರಡುತ್ತದೆಂಬುದು ಅಂಥಲ್ಲಿ ಸಣ್ಣ ಪ್ರಶ್ನೆಯೇನೂ ಅಲ್ಲ. ಆದುದರಿಂದ ಉನ್ನತ ಸ್ಪಷ್ಟತೆಯ ಡಿಸ್ಕುಗಳು ಎಷ್ಟು ಧ್ವನಿಯನ್ನು ಹೊರಬಲ್ಲವು, ಅವುಗಳ ಮಿತಿ ಎಲ್ಲಿದೆ, ಆ ಮಿತಿಯೊಳಗೆ ಕನ್ನಡಕ್ಕೆ ಸ್ಥಳವಿತ್ತೆ ಇಲ್ಲವೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಉಚಿತ.

ಮೊದಲು ಧ್ವನಿಯನ್ನು ಅಂಕೆಗಳಾಗಿ ಮಾರ್ಪಡಿಸುವ ಬಗೆ. ಗಾಳಿಯಲ್ಲಿ ಏಳುವ ಒತ್ತಡದ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತಾರೆ. ಸೆಕೆಂಡಿಗೆ ಎಷ್ಟು ಸಲ ಅಳೆದರು ಎಂಬುದು ಒಂದು ಮಾನ. ಪ್ರತಿ ಅಳತೆಯನ್ನು ಎಷ್ಟು ಬಿಟ್ಟುಗಳಲ್ಲಿ ಬರೆದರು ಎಂಬುದು ಇನ್ನೊಂದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲುದು. ಒಂದು ನಾದವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಕಂಪನಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕೆಂಬುದು ನಿಯಮ. ಅದಕ್ಕಾಗಿಯೇ ಹಾಡಿನ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು. ದೃಶ್ಯಡಿಸ್ಕುಗಳಲ್ಲಿ ಸಾಮಾನ್ಯವಾಗಿ 48,000; ಉನ್ನತ ಪದ್ಧತಿಗಳಲ್ಲಿ 96,000 ಮತ್ತು 1,92,000. ಬಿಟ್ಟಿನ ಲೆಕ್ಕವು ಇನ್ನೂ ಸುಲಭ. ಒಂದು ಬಿಟ್ಟು ಹೆಚ್ಚಿದರೆ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಾದ ಸದ್ದಿಗೂ ನಡುವಣ ಅಂತರವು ಸುಮಾರು 6 ಡೆಸಿಬೆಲ್ ಹಿಗ್ಗುತ್ತದೆ. 16 ಬಿಟ್ಟಿಗೆ ಸುಮಾರು 96 ಡೆಸಿಬೆಲ್, 24 ಬಿಟ್ಟಿಗೆ ಸುಮಾರು 144. ಕೊನೆಯ ಸಂಖ್ಯೆಯು ವಾಸದ ಮನೆಯಲ್ಲಿ ಯಾರಿಗೂ ಉಪಯೋಗಕ್ಕೆ ಬಾರದು. ಬೀದಿಯ ಸದ್ದೂ ಫ್ಯಾನಿನ ಸದ್ದೂ ಸೇರಿ ಅದರ ಕೆಳಭಾಗವನ್ನು ಆಗಲೇ ನುಂಗಿರುತ್ತವೆ.

ಇನ್ನು ಡಿಸ್ಕಿನ ಮೈಯ ವಿಚಾರ. ಸಿ.ಡಿ.ಯನ್ನು ಓದುವ ಲೇಸರ್ ಕಿರಣದ ಅಲೆಯುದ್ದ 780 ನ್ಯಾನೋಮೀಟರ್, ಡಿ.ವಿ.ಡಿ.ಯದು 650, ಬ್ಲೂ-ರೇಯದು 405, ನೀಲಿಗೂ ನೇರಳೆಗೂ ನಡುವಿನ ಬಣ್ಣ. ಹೆಸರು ಬಂದದ್ದೇ ಅದರಿಂದ. ಅಲೆ ಗಿಡ್ಡವಾದಷ್ಟೂ ಬೆಳಕಿನ ಚುಕ್ಕೆ ಸಣ್ಣದಾಗುತ್ತದೆ. ಚುಕ್ಕೆ ಸಣ್ಣದಾದಷ್ಟೂ ಅದೇ ಅಗಲದ ತಟ್ಟೆಯಲ್ಲಿ ಹೆಚ್ಚು ಬರೆಯಬಹುದು. ಎರಡು ಪದರದ ಡಿ.ವಿ.ಡಿ. 8.5 ಗಿಗಾಬೈಟನ್ನು ಹಿಡಿದರೆ ಬ್ಲೂ-ರೇಯ ಒಂದು ಪದರವೇ 25ನ್ನು ಹಿಡಿಯುತ್ತದೆ, ಎರಡು ಪದರ 50ನ್ನು. ಇದೇ ನೇರಳೆ ಕಿರಣವನ್ನು ಬಳಸಿಯೂ ತೋಷಿಬಾ ಕಂಪೆನಿಯ ಎಚ್.ಡಿ. ಡಿ.ವಿ.ಡಿ. ಪದರಕ್ಕೆ 15 ಗಿಗಾಬೈಟಿನಲ್ಲಿಯೇ ನಿಂತಿತು, ಡಿ.ವಿ.ಡಿ.ಯಲ್ಲಿದ್ದಂತೆ ಬರಹದ ಮೇಲಿನ ಹೊದಿಕೆಯನ್ನು 0.6 ಮಿಲಿಮೀಟರಿನಲ್ಲಿಯೇ ಉಳಿಸಿಕೊಂಡು, ಹಳೆಯ ಕಾರ್ಖಾನೆಗಳನ್ನು ಹೆಚ್ಚು ಬದಲಿಸದೆ ಕೆಲಸ ಸಾಗಿಸುವ ಉಪಾಯ ಅದರದು. ಬ್ಲೂ-ರೇಯ ಹೊದಿಕೆ 0.1 ಮಿಲಿಮೀಟರ್ ಮಾತ್ರ.

2006ರಲ್ಲಿ ಎರಡೂ ಮಾರುಕಟ್ಟೆಗೆ ಬಂದವು. ಧ್ವನಿಯ ಮಟ್ಟಿಗೆ ಹೇಳುವುದಾದರೆ, ಸೋತ ಪದ್ಧತಿಯೇ ಒಂದು ಅಂಶದಲ್ಲಿ ಹೆಚ್ಚು ಉದಾರವಾಗಿತ್ತು. ಡಾಲ್ಬಿ ಕಂಪೆನಿಯ ಹೊಸ ಧ್ವನಿಸಂಕೋಚನ ಪದ್ಧತಿಗಳನ್ನು ಪ್ರತಿಯೊಂದು ಎಚ್.ಡಿ. ಡಿ.ವಿ.ಡಿ. ಯಂತ್ರವೂ ಅರಿತಿರಲೇಬೇಕೆಂದು ಅದರ ನಿಯಮವು ವಿಧಿಸಿತ್ತು. ಬ್ಲೂ-ರೇ ಯಂತ್ರಗಳಿಗಾದರೋ ಕಡ್ಡಾಯವಾದವು ಮೂರೇ: ಸಂಕೋಚನವಿಲ್ಲದ ಧ್ವನಿ, ಹಳೆಯ ಡಾಲ್ಬಿ ಡಿಜಿಟಲ್, ಹಳೆಯ ಡಿ.ಟಿ.ಎಸ್. ಮಿಕ್ಕವು ಐಚ್ಛಿಕ. ಆದರೆ ವ್ಯಾಪಾರದ ಗತಿ ಧ್ವನಿಯನ್ನು ಕೇಳಿ ನಡೆಯಲಿಲ್ಲ. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆಯು ತಾನು ಬ್ಲೂ-ರೇಯನ್ನು ಮಾತ್ರ ಬಳಸುವುದಾಗಿ ಸಾರಿತು. ಫೆಬ್ರವರಿ 19ರಂದು ತೋಷಿಬಾ ತನ್ನ ಪದ್ಧತಿಯನ್ನು ಕೈಬಿಟ್ಟಿತು. ಸಂಭಾಜಿನಗರದವರಿಗೆ ತೋಷಿಬಾ ಅಪರಿಚಿತ ಹೆಸರಲ್ಲ. ಆ ಊರು ಔರಂಗಾಬಾದ್ ಎನಿಸಿಕೊಂಡಿದ್ದ 1980ರ ದಶಕದಲ್ಲಿ ಪೈಠಣ ರಸ್ತೆಯ ಚಿತೇಗಾಂವದ ವಿಡಿಯೋಕಾನ್ ಕಂಪೆನಿಯು ಬಣ್ಣದ ಟೆಲಿವಿಷನ್ನುಗಳನ್ನು ತಯಾರಿಸತೊಡಗಿದ್ದು ತೋಷಿಬಾದ ತಾಂತ್ರಿಕ ಸಹಯೋಗದಿಂದಲೇ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರುಗಳೊಡನೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಆ ನಗರದಿಂದ ಹೊರಟ ಪೆಟ್ಟಿಗೆಗಳಲ್ಲಿ ಎಷ್ಟೋ ಕನ್ನಡ ಮನೆಗಳು ಮೊದಲ ಬಾರಿಗೆ ಬಣ್ಣವನ್ನು ಕಂಡವು. ವಿಡಿಯೋಕಾನ್ ಸಹ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಇರಲಿ.

ಈಗ ಮಿತಿಗಳ ಲೆಕ್ಕಕ್ಕೆ ಬರಬಹುದು. ಬ್ಲೂ-ರೇಯ ನಿಯಮದಂತೆ ಸಂಕೋಚನವಿಲ್ಲದ ಧ್ವನಿಯು 48,000 ಅಥವಾ 96,000 ಅಳತೆಗಳಲ್ಲಿ ಎಂಟು ವಾಹಿನಿಗಳವರೆಗೆ ಇರಬಹುದು. 1,92,000ಕ್ಕೆ ಏರಿದರೆ ಆರು ವಾಹಿನಿ ಮಾತ್ರ. ವಾಹಿನಿಯೆಂದರೆ ಕೋಣೆಯಲ್ಲಿ ಒಂದು ಧ್ವನಿವರ್ಧಕಕ್ಕೆ ಹೋಗುವ ಧ್ವನಿ. ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುವ ಈ ಕಟ್ಟಳೆಯ ಕಾರಣವು ಗುಣಾಕಾರದಲ್ಲಿದೆ. ಆರು ವಾಹಿನಿ, 1,92,000 ಅಳತೆ, 24 ಬಿಟ್ಟು ಇವುಗಳನ್ನು ಗುಣಿಸಿದರೆ ಸೆಕೆಂಡಿಗೆ 27.648 ಮೆಗಾಬಿಟ್. ಎಂಟು ವಾಹಿನಿಗಳಾದರೆ 36.864. ಡಿಸ್ಕಿನಿಂದ ಚಿತ್ರ, ಧ್ವನಿ, ಅಡಿಬರಹ ಎಲ್ಲವೂ ಸೇರಿ ಸೆಕೆಂಡಿಗೆ ಹೊರಬರಬಹುದಾದದ್ದು 48 ಮೆಗಾಬಿಟ್ ಮಾತ್ರವಾದುದರಿಂದ ಧ್ವನಿಯೊಂದಕ್ಕೇ 36ನ್ನು ಕೊಟ್ಟರೆ ಚಿತ್ರಕ್ಕೆ ಹನ್ನೊಂದು ಚಿಲ್ಲರೆ ಉಳಿಯುತ್ತದೆ. ಬೀಗರ ಸತ್ಕಾರಕ್ಕೆಂದು ಮದುಮಗನನ್ನು ಉಪವಾಸ ಕೂರಿಸಿದಂತೆ.

ಸಂಕೋಚಿಸಿದ ಧ್ವನಿಗಳಲ್ಲಿ ಎರಡು ಜಾತಿ. ಕೇಳುವವನಿಗೆ ತಿಳಿಯಲಾರದೆಂದು ಊಹಿಸಿದ ಅಂಶಗಳನ್ನು ಕಿತ್ತುಹಾಕಿ ಉಳಿದುದನ್ನು ಮಾತ್ರ ಬರೆಯುವುದು ಒಂದು. ಡಾಲ್ಬಿ ಡಿಜಿಟಲ್ ಈ ಬಗೆಯದು, ಡಿ.ವಿ.ಡಿ.ಯಲ್ಲಿ ಅದರ ಮೇಲ್ಮಿತಿ ಸೆಕೆಂಡಿಗೆ 448 ಕಿಲೋಬಿಟ್, ಬ್ಲೂ-ರೇಯಲ್ಲಿ 640. ಸಾಧಾರಣ ಡಿ.ಟಿ.ಎಸ್. ಸುಮಾರು 1.5 ಮೆಗಾಬಿಟ್. ಏನನ್ನೂ ಕಳೆಯದೆ, ಹಾಸಿಗೆಯನ್ನು ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಿದಂತೆ ಮಡಿಚಿಟ್ಟು, ಬಿಚ್ಚಿದಾಗ ಮೊದಲಿದ್ದಂತೆಯೇ ಹರಡಿಕೊಳ್ಳುವುದು ಎರಡನೆಯದು. ಡಾಲ್ಬಿ ಟ್ರೂ-ಎಚ್.ಡಿ. ಮತ್ತು ಡಿ.ಟಿ.ಎಸ್.-ಎಚ್.ಡಿ. ಮಾಸ್ಟರ್ ಆಡಿಯೋ ಇಂಥವು. ಬ್ಲೂ-ರೇಯಲ್ಲಿ ಮೊದಲನೆಯದರ ಮೇಲ್ಮಿತಿ 18.64 ಮೆಗಾಬಿಟ್, ಎರಡನೆಯದರದು 24.5. ಇವೆರಡೂ ಐಚ್ಛಿಕವಾದುದರಿಂದ, ಇವನ್ನು ಅರಿಯದ ಯಂತ್ರವು ಮೂಗಾಗಿ ನಿಲ್ಲಬಾರದೆಂದು ಮೊದಲನೆಯದರ ಜೊತೆಗೆ ಸಾಧಾರಣ ಡಾಲ್ಬಿ ಪ್ರವಾಹವೊಂದನ್ನೂ ಎರಡನೆಯದರ ಒಳಗೇ ಸಾಧಾರಣ ಡಿ.ಟಿ.ಎಸ್. ತಿರುಳನ್ನೂ ಇರಿಸುತ್ತಾರೆ. ಹೊಸ ಯಂತ್ರವು ಪೂರ್ಣವನ್ನು ಓದುತ್ತದೆ, ಹಳೆಯದು ತಿರುಳನ್ನು.

ಈ ಎಲ್ಲ ಸಂಖ್ಯೆಗಳಿಗಿಂತ ಭಾಷೆಯ ದೃಷ್ಟಿಯಿಂದ ಮುಖ್ಯವಾದುದು ಇನ್ನೊಂದು ಸಂಖ್ಯೆ. ಡಿ.ವಿ.ಡಿ.ಯಲ್ಲಿ ಒಂದು ಚಿತ್ರಕ್ಕೆ ಎಂಟು ಧ್ವನಿಪಥಗಳವರೆಗೆ ಇರಬಹುದು, ಬ್ಲೂ-ರೇಯಲ್ಲಿ ಮೂವತ್ತೆರಡು. ಭಾರತದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳು 22. ಎಲ್ಲಕ್ಕೂ ಒಂದೊಂದು ಪಥವನ್ನು ಕೊಟ್ಟ ಮೇಲೂ ಹತ್ತು ಉಳಿಯುತ್ತವೆ.

ಕಾಗದದ ಮೇಲಿನ ಸ್ಥಳ ಬೇರೆ, ಡಿಸ್ಕಿನ ಮೇಲಿನ ಸ್ಥಳ ಬೇರೆ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪವು ಸರಿಯೇ, ಲೆಕ್ಕ ಮಾಡಿ ನೋಡತಕ್ಕದ್ದು. ನಮ್ಮ ದೇಶದ ಚಿತ್ರವೊಂದರ ಅವಧಿಯನ್ನು 150 ನಿಮಿಷ, ಎಂದರೆ 9,000 ಸೆಕೆಂಡು ಎಂದಿಟ್ಟುಕೊಳ್ಳೋಣ. ಆರು ವಾಹಿನಿಗಳ ಧ್ವನಿಯನ್ನು 48,000 ಅಳತೆ, 24 ಬಿಟ್ಟಿನಲ್ಲಿ ಸಂಕೋಚನವಿಲ್ಲದೆ ಬರೆದರೆ ಸೆಕೆಂಡಿಗೆ 6.912 ಮೆಗಾಬಿಟ್, ಇಡೀ ಚಿತ್ರಕ್ಕೆ 7.776 ಗಿಗಾಬೈಟ್. ಇಂಥ ಮೂರು ಪಥಗಳನ್ನಿಟ್ಟರೆ ಒಂದು ಪದರದ ಡಿಸ್ಕಿನಲ್ಲಿ 23 ಗಿಗಾಬೈಟ್ ಮುಗಿದುಹೋಗಿ ಚಿತ್ರಕ್ಕೆ ಜಾಗವೇ ಉಳಿಯದು. ಅತ್ಯುತ್ತಮ ಧ್ವನಿಯನ್ನು ಎಲ್ಲ ಭಾಷೆಗಳಿಗೂ ಕೊಡುವುದು ಹಾಗಾದರೆ ನಿಜವಾಗಿಯೂ ಅಶಕ್ಯ. ಆದರೆ ಮೂಲಭಾಷೆಗೆ ಉತ್ತಮ ಧ್ವನಿಯನ್ನು ಕೊಟ್ಟು ಮಿಕ್ಕವಕ್ಕೆ 640 ಕಿಲೋಬಿಟ್ಟಿನ ಡಾಲ್ಬಿಯನ್ನು ಕೊಟ್ಟರೆ? ಒಂದು ಪಥಕ್ಕೆ ಬೇಕಾಗುವುದು 0.72 ಗಿಗಾಬೈಟ್. 50 ಗಿಗಾಬೈಟಿನ ಡಿಸ್ಕಿನಲ್ಲಿ ಅದು ನೂರಕ್ಕೆ ಒಂದೂವರೆಗಿಂತಲೂ ಕಡಮೆ. ವೇಗದ ಲೆಕ್ಕದಲ್ಲಿಯೂ 48 ಮೆಗಾಬಿಟ್ಟಿನಲ್ಲಿ ಮುಕ್ಕಾಲು ಮೆಗಾಬಿಟ್ಟಿಗಿಂತ ಕಡಮೆ. ಹಳೆಯ ಡಿ.ವಿ.ಡಿ.ಯಲ್ಲಿ ಕೂಡ 448 ಕಿಲೋಬಿಟ್ಟಿನ ಒಂದು ಪಥವು ಅರ್ಧ ಗಿಗಾಬೈಟಿನಷ್ಟಾಗುತ್ತದೆ, ನೂರಕ್ಕೆ ಆರು. ಕನ್ನಡಕ್ಕೆ ಬೇಕಾಗಿದ್ದ ಜಾಗವು ಇಷ್ಟೇ.

ಆ ಜಾಗವು ಖಾಲಿಯಾಗಿಯೇ ಉಳಿದದ್ದಕ್ಕೆ ಕಾರಣವನ್ನು ಲೇಸರಿನಲ್ಲಿ ಹುಡುಕಬೇಕಾಗಿಲ್ಲ. 1960ರ ದಶಕದ ಆರಂಭದಲ್ಲಿ ಕನ್ನಡ ಚಿತ್ರೋದ್ಯಮವು ಇನ್ನೂ ಎಳೆಯದು. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು, ಅವೂ ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುವಂಥವು. ತೆಲುಗು, ತಮಿಳು ಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸಿ ತರುವುದು ಮುಂದುವರಿದರೆ ಕನ್ನಡದ ನಟರಿಗೂ ತಂತ್ರಜ್ಞರಿಗೂ ಉಳಿಗಾಲವಿಲ್ಲವೆಂದು ಅನಕೃ ಮೊದಲಾದವರು ಚಳವಳಿ ಹೂಡಿದರು. ರಾಜಕುಮಾರ್ ಮೊದಲಾದ ಕಲಾವಿದರು ಬೆಂಬಲಿಸಿದರು. ಆ ಕಾಲಕ್ಕೆ ಅದು ಆತ್ಮರಕ್ಷಣೆಯೇ. ಅದರ ಫಲವಾಗಿ ಕರ್ನಾಟಕದಲ್ಲಿಯೇ ಒಂದು ಉದ್ಯಮವು ಬೇರೂರಿತೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಶಾಸನದ ಬಲವಿಲ್ಲದ ಆ ನಿರ್ಬಂಧವು ಉದ್ಯಮವು ಬೆಳೆದ ಮೇಲೂ ಅರ್ಧ ಶತಮಾನ ಉಳಿಯಿತು. ಡಿ.ವಿ.ಡಿ. ಬಂದಿತು, ಬ್ಲೂ-ರೇ ಬಂದಿತು. 2007ರಲ್ಲಿ ಮೋಸರ್ ಬೇಯರ್ ಕಂಪೆನಿಯು 28 ರೂಪಾಯಿಗೆ ವಿ.ಸಿ.ಡಿ.ಯನ್ನೂ 34 ರೂಪಾಯಿಗೆ ಡಿ.ವಿ.ಡಿ.ಯನ್ನೂ ಮಾರಿ ಡಿಸ್ಕನ್ನು ದಿನಸಿ ಅಂಗಡಿಯ ವಸ್ತುವನ್ನಾಗಿಸಿತು. ಅದೇ ವರ್ಷ ಅಮೆರಿಕದ ‘ಸ್ಪೈಡರ್-ಮ್ಯಾನ್ 3’ ಭಾರತದಲ್ಲಿ ಹಿಂದಿ, ತಮಿಳು, ತೆಲುಗು ಮಾತ್ರವಲ್ಲದೆ ಭೋಜಪುರಿಯಲ್ಲಿಯೂ ಮಾತನಾಡಿತು, ಕನ್ನಡದಲ್ಲಿ ಮಾತನಾಡಲಿಲ್ಲ. ಚಿತ್ರಮಂದಿರಕ್ಕಾಗಿ ಸಿದ್ಧವಾದ ಧ್ವನಿಯನ್ನು ತರುವಾಯ ಡಿಸ್ಕಿಗೆ ಸೇರಿಸುವುದು ಸುಲಭ. ಸಿದ್ಧವೇ ಆಗದ ಧ್ವನಿಯನ್ನು ಸೇರಿಸುವುದೆಂತು? 2012ರಲ್ಲಿ ‘ಸತ್ಯಮೇವ ಜಯತೇ’ ಎಂಬ ದೂರದರ್ಶನ ಸರಣಿಯ ಕನ್ನಡ ಪ್ರಸಾರಕ್ಕೂ ಇದೇ ಅಡ್ಡಿ ಬಂದು ವಾದವಿವಾದಗಳೆದ್ದವು.

ಕನ್ನಡ ಗ್ರಾಹಕರ ಕೂಟವು ಸಲ್ಲಿಸಿದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈಯಲ್ಲಿ ಈ ಅಘೋಷಿತ ನಿಷೇಧವು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೇ ಮೊದಲಾದ ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರಲ್ಲಿ ತಮಿಳು ಚಿತ್ರವೊಂದು ‘ಸತ್ಯದೇವ್ ಐ.ಪಿ.ಎಸ್.’ ಎಂಬ ಹೆಸರಿನಿಂದ ಕನ್ನಡದಲ್ಲಿ ಬಂದಿತು. 2018ರ ಡಿಸೆಂಬರಿನಲ್ಲಿ ಕನ್ನಡದ ‘ಕೆ.ಜಿ.ಎಫ್.’ ಹಿಂದಿ, ತೆಲುಗು, ತಮಿಳು, ಮಲಯಾಳಗಳಿಗೆ ಹೋಯಿತು. ಆ ದಿಕ್ಕಿನ ಪ್ರಯಾಣಕ್ಕೆ ಕನ್ನಡಿಗರಾರೂ ಬೇಡವೆನ್ನಲಿಲ್ಲ. 2022ರಲ್ಲಿ ‘ಆರ್.ಆರ್.ಆರ್.’ ಕನ್ನಡದಲ್ಲಿಯೂ ಕೇಳಿಬಂದಿತು. ಆದರೆ ಕಾಲವನ್ನು ಎದುರುಬದುರಾಗಿ ಇಟ್ಟು ನೋಡಿದರೆ, ಬ್ಲೂ-ರೇಯು ಏರುಮುಖವಾಗಿದ್ದ ವರ್ಷಗಳೂ ನಿರ್ಬಂಧದ ಕೊನೆಯ ವರ್ಷಗಳೂ ಹೆಚ್ಚುಕಡಮೆ ಒಂದೇ ಎಂಬುದು ಕಾಣುತ್ತದೆ. ಬೆಂಗಳೂರಿನಲ್ಲಿರುವವನಿಗೆ ಇದರಿಂದಾದ ನಷ್ಟವು ಅಷ್ಟಾಗಿ ತಟ್ಟದಿರಬಹುದು. ಅವನಿಗೆ ಪಕ್ಕದ ಚಿತ್ರಮಂದಿರದಲ್ಲಿಯೇ ಕನ್ನಡ ಚಿತ್ರವಿತ್ತು. ನಾಸಿಕದಲ್ಲಿ ಕನ್ನಡ ಚಿತ್ರವು ತೆರೆಗೆ ಬರುವುದೇ ಅಪರೂಪ. ನಿರ್ಬಂಧವನ್ನು ವಿಧಿಸಿದವರ ಎಣಿಕೆಯಲ್ಲಿ ಹೊರನಾಡಿನ ಈ ಕೇಳುಗನು ಇರಲೇ ಇಲ್ಲ.

ಕನ್ನಡದಲ್ಲಿಯೇ ತೆಗೆದ ಚಿತ್ರಗಳ ಧ್ವನಿಯ ಗತಿಯೇನು ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಬೇರೊಂದು ಭ್ರಮೆಯನ್ನು ತೊಡೆಯಬೇಕಾಗಿದೆ. ಡಿಸ್ಕಿನ ಹೊದಿಕೆಯ ಮೇಲೆ 24 ಬಿಟ್ಟು, 96,000 ಎಂಬ ಅಂಕೆಗಳನ್ನು ಕಂಡು ಧ್ವನಿಯು ಅಷ್ಟು ಉತ್ತಮವೆಂದು ತಿಳಿಯುವವರುಂಟು. ಅವು ಪಾತ್ರೆಯ ಅಳತೆಗಳೇ ಹೊರತು ಹಾಲಿನ ಅಳತೆಗಳಲ್ಲ. ಹಳೆಯ ಕನ್ನಡ ಚಿತ್ರಗಳ ಧ್ವನಿಯು ಸುರುಳಿಯ ಅಂಚಿನಲ್ಲಿ ಬೆಳಕಿನಿಂದ ಅಚ್ಚಾದ ಏಕವಾಹಿನಿಯ ಧ್ವನಿ. ಸುರುಳಿಯ ಕಣಗಳ ಸದ್ದನ್ನು ಅಡಗಿಸಲೆಂದು ಚಿತ್ರಮಂದಿರಗಳು ಎತ್ತರದ ನಾದಗಳನ್ನು ಬೇಕೆಂದೇ ತಗ್ಗಿಸುತ್ತಿದ್ದವು. ಸುಮಾರು 8,000 ಕಂಪನಗಳಿಂದಾಚೆಗೆ ಕೇಳಿಸುವುದು ಬಹು ಕಡಮೆ. ಇಂಥ ಧ್ವನಿಗೆ 48,000 ಅಳತೆಯ ಪಾತ್ರೆಯೇ ಬೇಕಾದುದಕ್ಕಿಂತ ದೊಡ್ಡದು. 1971ರ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಚ್ಚಿ, ಧ್ವನಿಯನ್ನು ಡಿ.ಟಿ.ಎಸ್. ಪದ್ಧತಿಗೆ ತಂದು 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಜನರು ಮುಗಿಬಿದ್ದರು. ಆ ಉತ್ಸಾಹವು ಗೌರವಾರ್ಹವೇ. ಆದರೆ ಒಂದು ವಾಹಿನಿಯಲ್ಲಿ ಮಾತು, ವಾದ್ಯ, ಬಾಗಿಲಿನ ಸದ್ದು ಎಲ್ಲವೂ ಬೆರೆತುಹೋದ ಮೇಲೆ ಅವನ್ನು ಆರು ವಾಹಿನಿಗಳಿಗೆ ಹಂಚುವುದೆಂದರೆ ಹೊಸದಾಗಿ ಕಲ್ಪಿಸುವುದೇ ಆಗುತ್ತದೆ. ಅದನ್ನು ಪುನರುದ್ಧಾರವೆಂದು ಕರೆಯುವುದು ಸರಿಯಲ್ಲ.

ಪುನರುದ್ಧಾರದ ಸರಿಯಾದ ಮಾದರಿಯೊಂದು ಕನ್ನಡದಲ್ಲಿಯೇ ಇದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ಫಿಲ್ಮ್ ಫೌಂಡೇಶನ್ನಿನ ವಿಶ್ವಚಿತ್ರ ಯೋಜನೆಯವರು ಸೇರಿ ಉದ್ಧರಿಸಿದರು, 2024ರಲ್ಲಿ ಅದು ವೆನಿಸ್ಸಿನ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಇಂಥ ಕೆಲಸದಲ್ಲಿ ಧ್ವನಿಗೆ ಮಾಡತಕ್ಕದ್ದು ಕಿರುಕುಳದ ಚಟಪಟವನ್ನೂ ಗುಂಯ್‌ಗುಡುವಿಕೆಯನ್ನೂ ಮಾತಿಗೆ ಧಕ್ಕೆಯಾಗದಷ್ಟೇ ತೆಗೆಯುವುದು, ಏಕವಾಹಿನಿಯನ್ನು ಏಕವಾಹಿನಿಯಾಗಿಯೇ ಇಡುವುದು. ಅಂಥ ಧ್ವನಿಯನ್ನು ನಷ್ಟವಿಲ್ಲದೆ ಡಿಸ್ಕಿಗೆ ಬರೆಯಲು ಬೇಕಾಗುವ ಸ್ಥಳವೂ ಅತ್ಯಲ್ಪ: ಒಂದು ವಾಹಿನಿ, 48,000 ಅಳತೆ, 24 ಬಿಟ್ಟು, ಎಂದರೆ ಸೆಕೆಂಡಿಗೆ 1.152 ಮೆಗಾಬಿಟ್. ಹಳೆಯ ಕನ್ನಡ ಚಿತ್ರಕ್ಕೆ ಬ್ಲೂ-ರೇಯ ಧ್ವನಿಮಿತಿಗಳು ಎಂದೂ ಅಡ್ಡಬರಲಾರವು. ಮೂಲ ನೆಗೆಟಿವ್ ಉಳಿದಿದೆಯೆ ಎಂಬುದೊಂದೇ ನಿಜವಾದ ಮಿತಿ.

ಮನೆಗೆ ಬಂದ ಡಿಸ್ಕಿನ ಧ್ವನಿಯು ಕಿವಿಯನ್ನು ಮುಟ್ಟುವ ಮೊದಲು ಇನ್ನೂ ಕೆಲವು ಬಾಗಿಲುಗಳಿವೆ. ಹಳೆಯ ಧ್ವನಿವರ್ಧಕಗಳಿಗೆ ಹೋಗುವ ಬೆಳಕಿನ ತಂತಿ, ಎಂದರೆ ಆಪ್ಟಿಕಲ್ ಕೇಬಲ್, ಎರಡು ವಾಹಿನಿಯ ಪೂರ್ಣಧ್ವನಿಯನ್ನೋ ಆರು ವಾಹಿನಿಯ ಸಂಕೋಚಿತ ಧ್ವನಿಯನ್ನೋ ಒಯ್ಯಬಲ್ಲುದು. ನಷ್ಟರಹಿತ ಬಹುವಾಹಿನಿ ಧ್ವನಿಗೆ ಎಚ್.ಡಿ.ಎಂ.ಐ. ತಂತಿಯೇ ಬೇಕು. ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ಡಿಸ್ಕು ಇಲ್ಲಿಯ ಯಂತ್ರದಲ್ಲಿ ಓಡದಿರುವುದೂ ಉಂಟು: ಬ್ಲೂ-ರೇಯ ಹಂಚಿಕೆಯಲ್ಲಿ ಅಮೆರಿಕ ‘ಎ’ ವಲಯ, ಭಾರತ ‘ಸಿ’ ವಲಯ. ಇದಕ್ಕಿಂತ ಗಮನಕ್ಕೆ ಬಾರದ ತೊಂದರೆಯೊಂದಿದೆ. ಆರು ವಾಹಿನಿಯ ಧ್ವನಿಯಲ್ಲಿ ಮಾತೆಲ್ಲವೂ ಹೆಚ್ಚಾಗಿ ನಡುವಣ ವಾಹಿನಿಯಲ್ಲಿರುತ್ತದೆ. ಮನೆಯಲ್ಲಿ ಟೆಲಿವಿಷನ್ನಿನ ಎರಡೇ ಧ್ವನಿವರ್ಧಕಗಳಿದ್ದರೆ ಯಂತ್ರವು ಆರನ್ನೂ ಎರಡಕ್ಕೆ ಇಳಿಸುತ್ತದೆ. ಮಾತನ್ನು ಸ್ವಲ್ಪ ತಗ್ಗಿಸಿ ಎರಡು ಪಕ್ಕಗಳಿಗೂ ಹಂಚಿ ಸಂಗೀತ, ಸ್ಫೋಟ, ಕೋಲಾಹಲಗಳ ಜೊತೆಗೆ ಬೆರೆಸುತ್ತದೆ. ಕನ್ನಡವನ್ನು ಚೆನ್ನಾಗಿ ಬಲ್ಲವನು ಅರ್ಧ ಕೇಳಿಸಿದರೂ ಮಿಕ್ಕದ್ದನ್ನು ಊಹಿಸಿಕೊಳ್ಳುತ್ತಾನೆ. ಕನ್ನಡವನ್ನು ಆ ಪರದೆಯಿಂದಲೇ ಕಲಿಯಬೇಕಾದ ಮಗುವಿಗೆ ಆ ಊಹೆಯ ಬಲವಿಲ್ಲ. ‘ಅವನು’, ‘ಅವಳು’ಗಳ ಕೊನೆಯ ಅಕ್ಷರವೋ, ‘ಹೋದ’, ‘ಹೋದಳು’ಗಳ ಕೊನೆಯ ಭಾಗವೋ ಗದ್ದಲದಲ್ಲಿ ಅಳಿದರೆ ವ್ಯಾಕರಣವೇ ಅಳಿದಂತೆ. ಇಂಥ ಮನೆಗೆ ಎಂಟು ವಾಹಿನಿಗಳ ವೈಭವಕ್ಕಿಂತ, ಡಿಸ್ಕಿನಲ್ಲಿ ಎರಡು ವಾಹಿನಿಯ ಧ್ವನಿಪಥವೂ ಇದ್ದರೆ ಅದನ್ನು ಆರಿಸಿಕೊಳ್ಳುವುದು ಹೆಚ್ಚು ಉಪಯುಕ್ತ.

ಈಗ ಡಿಸ್ಕಿನ ವ್ಯಾಪಾರವೇ ಇಳಿಮುಖವಾಗಿದೆ. ಮೋಸರ್ ಬೇಯರ್ 2018ರಲ್ಲಿ ಮುಚ್ಚಿತು. ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ ಕಂಪೆನಿಯು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಕನ್ನಡದ ಧ್ವನಿಪಥಗಳು ಇದೀಗ ಬರುತ್ತಿರುವುದು ಅಂತರ್ಜಾಲದ ಮೂಲಕ. ಅಲ್ಲಿ ನಷ್ಟರಹಿತ ಧ್ವನಿಯೆಂಬುದು ಸಾಮಾನ್ಯವಾಗಿ ಇಲ್ಲ. ನೆಟ್‌ಫ್ಲಿಕ್ಸ್ ಸಂಸ್ಥೆಯು 2019ರಲ್ಲಿ ತನ್ನ ಉತ್ತಮ ಧ್ವನಿಯೆಂದು ಪ್ರಕಟಿಸಿದ್ದು ಆರು ವಾಹಿನಿಗೆ 640 ಕಿಲೋಬಿಟ್‌ವರೆಗೆ, ಡಿಸ್ಕಿನಲ್ಲಿ ಕನ್ನಡಕ್ಕೆ ಸಿಗಬಹುದಾಗಿದ್ದ ಅದೇ ಸಂಖ್ಯೆ. ವ್ಯತ್ಯಾಸವಿರುವುದು ಒಡೆತನದಲ್ಲಿ. ಡಿಸ್ಕು ಕಪಾಟಿನಲ್ಲಿರುತ್ತದೆ, ಮೊಮ್ಮಕ್ಕಳ ಕೈಗೂ ಬರುತ್ತದೆ; ಅಂತರ್ಜಾಲದ ಚಿತ್ರವು ಕರಾರು ಮುಗಿದ ದಿನ ಕಾಣೆಯಾಗುತ್ತದೆ.

ಡಿಸ್ಕಿನ ಯಂತ್ರಗಳನ್ನು ರೂಪಿಸಿದವರು ಕನ್ನಡವನ್ನು ಮರೆತಿರಲಿಲ್ಲವೆಂಬುದನ್ನೂ ಹೇಳಬೇಕು. ಅಂತರರಾಷ್ಟ್ರೀಯ ಭಾಷಾಸಂಕೇತಗಳ ಪಟ್ಟಿಯಲ್ಲಿ ಕನ್ನಡಕ್ಕೆ ಕೆ, ಎನ್ ಎಂಬ ಎರಡಕ್ಷರದ ಗುರುತಿದೆ. ಪ್ಯಾನಾಸೋನಿಕ್ ಯಂತ್ರಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ ಅದನ್ನು ಅಂಕೆಗಳಾಗಿ ಮಾರ್ಪಡಿಸಿ ಕೊಟ್ಟಿರುತ್ತಾರೆ: ಮರಾಠಿಗೆ 7782, ಕನ್ನಡಕ್ಕೆ 7578. ಧ್ವನಿಯ ಭಾಷೆಯನ್ನು ಆರಿಸುವಲ್ಲಿ 7578 ಎಂದು ಒತ್ತಿದರೆ ಯಂತ್ರವು ತಕರಾರಿಲ್ಲದೆ ಅದನ್ನು ಒಪ್ಪಿಕೊಂಡು, ಹಾಕಿದ ಪ್ರತಿಯೊಂದು ಡಿಸ್ಕಿನಲ್ಲಿಯೂ ಮೊದಲು ಕನ್ನಡವನ್ನೇ ಹುಡುಕುತ್ತದೆ. ಸಿಕ್ಕದಿದ್ದರೆ ಡಿಸ್ಕಿನ ಮೂಲಭಾಷೆಯನ್ನು ನುಡಿಸುತ್ತದೆ.